ಹಳೆಯ ಹಾರ್ಡ್ ಡಿಸ್ಕ್, ಬದಲಿ ಲ್ಯಾಪ್‌ಟಾಪ್: ಒಳಗೆ ಕೂರಿಸುವ ಮುನ್ನ

ಪ್ರಶ್ನೆ: ಸೋಮವಾರಪೇಟೆಯ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. 2014ರಲ್ಲಿ ಕೊಂಡಿದ್ದ ಲ್ಯಾಪ್‌ಟಾಪ್ ಏಪ್ರಿಲ್ ತಿಂಗಳ ಒಂದು ಸಂಜೆ ಸಿಡಿಲು ಬಡಿದಾಗ ಚಾರ್ಜರ್‌ನಲ್ಲಿದ್ದ ಹಾಗೆಯೇ ಕೆಟ್ಟುಹೋಯಿತು. ಮದರ್‌ಬೋರ್ಡ್ ಸುಟ್ಟಿದೆ, ರಿಪೇರಿಗೆ ಹಾಕುವ ಹಣ ದಂಡ ಎಂದರು. ಬದಲಿಗೆ ಮೈಸೂರಿನಿಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಒಂದನ್ನು ತಂದಿದ್ದೇನೆ. ಅದರಲ್ಲಿ 256 ಜಿಬಿಯ ಎಸ್‌ಎಸ್‌ಡಿ ಮತ್ತು ವಿಂಡೋಸ್ 11 ಇವೆ. ಇನ್ನೊಂದು ಡಿಸ್ಕ್ ಕೂರಿಸಲು ಒಳಗೆ ಜಾಗವಿದೆ ಎಂದು ಅಂಗಡಿಯವರು ಹೇಳಿದ್ದಾರೆ. ಹಳೆಯದರಲ್ಲಿದ್ದದ್ದು 500 ಜಿಬಿಯ ಹಾರ್ಡ್ ಡಿಸ್ಕ್ ಮತ್ತು ವಿಂಡೋಸ್ 10. ತೋಟದ ಟ್ಯಾಲಿ ಲೆಕ್ಕ, ಆಳು ಲೆಕ್ಕದ ಚೆಕ್ ರೋಲ್, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪತ್ರಗಳು, ಹಲವು ವರ್ಷಗಳ ಮಳೆ ಲೆಕ್ಕ, ಮನೆಯ ಫೋಟೊಗಳು ಎಲ್ಲವೂ ಅದರಲ್ಲೇ ಇವೆ. ಈ ಡಿಸ್ಕನ್ನು ಬದಲಿ ಲ್ಯಾಪ್‌ಟಾಪಿಗೆ ಹಾಕಿದರೆ ಎಲ್ಲವೂ ಮೊದಲಿನ ಹಾಗೆಯೇ ಬರುತ್ತದೆಯೆ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಡಿಸ್ಕಿನಲ್ಲಿರುವ ಕಡತಗಳು ಹೊಸ ಯಂತ್ರದಲ್ಲಿ ಸಿಗುತ್ತವೆಯೆ ಎಂಬುದು ಒಂದು; ಹಳೆಯ ಲ್ಯಾಪ್‌ಟಾಪ್ ತನ್ನದೇ ವಿಂಡೋಸ್, ತನ್ನದೇ ಟ್ಯಾಲಿ, ತನ್ನದೇ ಡೆಸ್ಕ್‌ಟಾಪ್ ಸಮೇತ ಹೊಸ ಯಂತ್ರದೊಳಗೆ ಎದ್ದು ಕೂರುತ್ತದೆಯೆ ಎಂಬುದು ಇನ್ನೊಂದು. ಡಿಸ್ಕ್ ಸಿಡಿಲಿನಿಂದ ಪಾರಾಗಿದ್ದರೆ ಮೊದಲನೆಯದಕ್ಕೆ ಧೈರ್ಯವಾಗಿ ಹೌದು ಎನ್ನಬಹುದು. ಎರಡನೆಯದು ಆಗಲೂಬಹುದು, ಆಗದೆಯೂ ಇರಬಹುದು. ಆದರೂ ನಿಮಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ ಎಂಬುದು ನನ್ನ ಅಭಿಪ್ರಾಯ. ನಿಮಗೆ ಬೇಕಾಗಿರುವುದು ಲೆಕ್ಕ, ಪತ್ರ ಮತ್ತು ಫೋಟೊಗಳೇ ಹೊರತು ಹತ್ತು ವರ್ಷದ ಹಿಂದೆ ಬೇರೊಂದು ಯಂತ್ರಕ್ಕಾಗಿ ಹೊಂದಿಸಿದ್ದ ವಿಂಡೋಸ್ ಅಲ್ಲ. ಆದ್ದರಿಂದ ಹಳೆಯ ಡಿಸ್ಕನ್ನು ಮೊದಲು ಹೊರಗಿನಿಂದಲೇ ಯುಎಸ್‌ಬಿ ಮೂಲಕ ಜೋಡಿಸಿ, ಅದರಲ್ಲಿರುವುದನ್ನೆಲ್ಲ ನಕಲು ಮಾಡಿಕೊಂಡು, ನಕಲು ಸರಿಯಾಗಿದೆ ಎಂದು ಖಚಿತವಾದ ಮೇಲಷ್ಟೇ ಅದನ್ನು ಒಳಗೆ ಕೂರಿಸಬೇಕೇ ಬೇಡವೇ ಎಂದು ಯೋಚಿಸಿ.

ಡಿಸ್ಕನ್ನು ಇನ್ನೂ ಹೊರತೆಗೆದಿಲ್ಲವಾದರೆ ಅಲ್ಲಿಂದಲೇ ಆರಂಭಿಸೋಣ. ಚಾರ್ಜರ್ ಕಳಚಿ, ಬ್ಯಾಟರಿ ತೆಗೆಯುವಂಥದ್ದಾದರೆ ಅದನ್ನೂ ತೆಗೆದು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಉಳಿದ ವಿದ್ಯುತ್ತು ಹರಿದುಹೋಗಲು ಬಿಡಿ. 2014ರ ಸುಮಾರಿನ ಬಹುಪಾಲು ಲ್ಯಾಪ್‌ಟಾಪುಗಳ ಅಡಿಯಲ್ಲಿ ಡಿಸ್ಕಿಗೆಂದೇ ಒಂದು ಮುಚ್ಚಳವಿರುತ್ತಿತ್ತು. ಕೆಲವದರಲ್ಲಿ ಇಡೀ ತಳವನ್ನೇ ಬಿಚ್ಚಬೇಕಾಗುತ್ತದೆ. ಡಿಸ್ಕನ್ನು ಮೇಲಕ್ಕೆ ಎತ್ತಿ ಕೀಳಬಾರದು, ಕನೆಕ್ಟರ್‌ನಿಂದ ದೂರಕ್ಕೆ ಅಡ್ಡಡ್ಡವಾಗಿ ಜಾರಿಸಬೇಕು. ಹೊರಬಂದ ಮೇಲೆ ಅದರ ಸುತ್ತ ಒಂದು ಲೋಹದ ಚೌಕಟ್ಟು ಇರುತ್ತದೆ, ಕೆಲವೊಮ್ಮೆ ತುದಿಯಲ್ಲಿ ಬೆರಳಗಲದ ಒಂದು ಪ್ಲಾಸ್ಟಿಕ್ ತುಂಡು ಸಿಕ್ಕಿಸಿರುತ್ತದೆ. ಈ ತುಂಡು ಡಿಸ್ಕಿನ ಭಾಗವಲ್ಲ, ಆ ಲ್ಯಾಪ್‌ಟಾಪಿಗೆ ಮಾತ್ರ ಹೊಂದುವ ಮಧ್ಯವರ್ತಿ. ಅದನ್ನು ಗಮನಿಸದೆ ‘ಈ ಡಿಸ್ಕಿನ ಪಿನ್ನೇ ಬೇರೆ, ಯಾವ ಕೇಬಲಿಗೂ ಕೂರುವುದಿಲ್ಲ’ ಎಂದು ಕೈಬಿಟ್ಟವರಿದ್ದಾರೆ. ಎರಡು ಬದಿಯನ್ನೂ ಸಮನಾಗಿ ಹಿಡಿದು ಎಳೆದರೆ ತುಂಡು ಕಳಚಿಕೊಳ್ಳುತ್ತದೆ. ಅದರ ಹಿಂದೆ ಪಕ್ಕಪಕ್ಕದಲ್ಲಿ ಎರಡು ಚಪ್ಪಟೆ ನಾಲಿಗೆಗಳು ಕಾಣುತ್ತವೆ. ಚಿಕ್ಕದು 7 ಪಿನ್ನಿನ ದತ್ತಾಂಶದ ದಾರಿ, ದೊಡ್ಡದು 15 ಪಿನ್ನಿನ ವಿದ್ಯುತ್ ದಾರಿ. ಇದೇ ಸಾಟಾ. 2014ರ ನಿಮ್ಮ ಡಿಸ್ಕ್ ಸಾಟಾ ಎಂಬುದರಲ್ಲಿ ಅನುಮಾನವಿಲ್ಲ. ನಾಲಿಗೆಗಳ ಬದಲು ಸೂಜಿಯಂತಹ ಪಿನ್ನುಗಳ ಎರಡು ಸಾಲು ಕಂಡರೆ ಅದು ಇನ್ನೂ ಹಿಂದಿನ ಕಾಲದ ಐಡಿಇ ಡಿಸ್ಕ್, ಅದಕ್ಕೆ ಬೇರೆಯೇ ಅಡಾಪ್ಟರ್ ಬೇಕು.

ಡಿಸ್ಕಿನ ಮೇಲೆ ಒಂದು ಸಣ್ಣ ರಂಧ್ರವಿದ್ದು ಪಕ್ಕದಲ್ಲಿ ಅದನ್ನು ಮುಚ್ಚಬೇಡಿ ಎಂದು ಬರೆದಿರುವುದನ್ನು ನೋಡುತ್ತೀರಿ. ಒಳಗಿನ ಮತ್ತು ಹೊರಗಿನ ಗಾಳಿಯ ಒತ್ತಡವನ್ನು ಸಮ ಮಾಡಲು, ಒಳಗೆ ಶೋಧಕವನ್ನಿಟ್ಟು ಮಾಡಿರುವ ದಾರಿ ಅದು. ಅದರ ಮೇಲೆ ಸ್ಟಿಕ್ಕರ್ ಅಂಟಿಸಬೇಡಿ, ತಿರುಪುಗಳನ್ನು ಬಿಚ್ಚಿ ಮುಚ್ಚಳ ತೆರೆಯುವ ಕುತೂಹಲವನ್ನಂತೂ ಬಿಟ್ಟೇಬಿಡಿ. ಓದುವ ತಲೆ ತಟ್ಟೆಯಿಂದ ಎಷ್ಟು ಕಡಿಮೆ ಅಂತರದಲ್ಲಿ ಹಾರುತ್ತದೆಂದರೆ ಕಣ್ಣಿಗೆ ಕಾಣದ ಧೂಳಿನ ಕಣವೂ ಅಲ್ಲಿ ಅಡ್ಡಿಯೇ.

ಈಗ ಯುಎಸ್‌ಬಿಯಿಂದ ಸಾಟಾಗೆ ಜೋಡಿಸುವ ಕೇಬಲ್ ಅಥವಾ ಡಿಸ್ಕನ್ನು ಒಳಗಿಟ್ಟು ಮುಚ್ಚುವ 2.5 ಇಂಚಿನ ಕೇಸ್ ಒಂದನ್ನು ತನ್ನಿ. ಕೆಲವೇ ನೂರು ರೂಪಾಯಿಯ ವಸ್ತು ಅದು. ಯುಎಸ್‌ಬಿ 3.0ರದ್ದನ್ನೇ ಕೇಳಿ. ವೇಗ ಒಂದು ಕಾರಣವಾದರೆ, ಹಳೆಯ ಯುಎಸ್‌ಬಿ 2.0 ಪೋರ್ಟ್ ನಿಯಮದ ಪ್ರಕಾರ 500 ಮಿಲಿಆಂಪಿಯರ್ ಮಾತ್ರ ಕೊಡುತ್ತದೆ, 3.0 ಪೋರ್ಟ್ 900 ಮಿಲಿಆಂಪಿಯರ್ ಕೊಡುತ್ತದೆ ಎಂಬುದು ಇನ್ನೊಂದು. ತಿರುಗಲು ಆರಂಭಿಸುವ ಕ್ಷಣದಲ್ಲಿ ಹಾರ್ಡ್ ಡಿಸ್ಕಿಗೆ ಹೆಚ್ಚು ವಿದ್ಯುತ್ತು ಬೇಕು. ಅದು ಸಾಲದಾದಾಗ ಒಳ್ಳೆಯ ಡಿಸ್ಕ್ ಕೂಡ ಕಟಕಟ ಎಂದು ನಿಂತುಹೋಗಿ ಕೆಟ್ಟ ಡಿಸ್ಕಿನಂತೆ ವರ್ತಿಸುತ್ತದೆ.

ನೇರವಾಗಿ ಒಳಗೆ ಕೂರಿಸಬೇಡಿ ಎನ್ನಲು ನಿಮ್ಮ ವಿಷಯದಲ್ಲಿ ವಿಶೇಷ ಕಾರಣವಿದೆ. ಸಿಡಿಲಿನ ಹೊಡೆತ ಮದರ್‌ಬೋರ್ಡಿನಲ್ಲೇ ನಿಂತಿತೋ, ಡಿಸ್ಕಿನ ಅಡಿಯಲ್ಲಿರುವ ಹಸಿರು ಸರ್ಕ್ಯೂಟ್ ಬೋರ್ಡಿನವರೆಗೂ ಹರಿಯಿತೋ ಇನ್ನೂ ಗೊತ್ತಿಲ್ಲ. ಶಾರ್ಟ್ ಆಗಿರುವ ಡಿಸ್ಕನ್ನು ಹೊಸ ಲ್ಯಾಪ್‌ಟಾಪಿನ ಒಳಗಿನ ಕನೆಕ್ಟರಿಗೆ ಸಿಕ್ಕಿಸಿದರೆ ತಂದ ಯಂತ್ರಕ್ಕೂ ಕುತ್ತು ಬರಬಹುದು. ಯುಎಸ್‌ಬಿ ಪೋರ್ಟಿನಲ್ಲಾದರೆ ಹೆಚ್ಚು ವಿದ್ಯುತ್ತು ಹರಿದಾಗ ತಡೆಯುವ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ. ಜೋಡಿಸುವ ಮುನ್ನ ಆ ಬೋರ್ಡನ್ನು ಬೆಳಕಿಗೆ ಹಿಡಿದು ಕಪ್ಪು ಕಲೆ, ಉಬ್ಬಿದ ಚಿಪ್, ಸುಟ್ಟ ವಾಸನೆ ಇವೆಯೇ ನೋಡಿ. ಜೋಡಿಸಿದ ಮೇಲೆ ಕಿವಿಗೊಟ್ಟು ಕೇಳಿ. ಮೆಲ್ಲನೆ ಏರುವ ಒಂದೇ ಸಮನೆಯ ಗುಂಯ್ ಸದ್ದು ಕೇಳಿಸಿದರೆ ನೆಮ್ಮದಿ. ಸದ್ದೇ ಇಲ್ಲದೆ ಬೋರ್ಡ್ ಬಿಸಿಯಾಗುತ್ತಿದ್ದರೆ ತಕ್ಷಣ ಕಳಚಿ. ಸರಿಯಾದ ಪೋರ್ಟಿನಲ್ಲಿದ್ದೂ ಟಕ್ ಟಕ್ ಎಂದು ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ಓದುವ ತಲೆ ದಾರಿ ತಪ್ಪಿದೆ ಎಂದರ್ಥ. ಮತ್ತೆ ಮತ್ತೆ ಪ್ರಯತ್ನಿಸಿದಷ್ಟೂ ಹಾನಿ ಹೆಚ್ಚು. ಈ ಎರಡು ಸಂದರ್ಭಗಳಲ್ಲಿ ದತ್ತಾಂಶ ಮರುಪಡೆಯುವುದನ್ನೇ ವೃತ್ತಿಯಾಗಿಸಿಕೊಂಡವರ ಬಳಿ ಹೋಗುವುದೊಂದೇ ದಾರಿ. ಅದೇ ಮಾದರಿಯ ಇನ್ನೊಂದು ಡಿಸ್ಕಿನ ಬೋರ್ಡ್ ತಂದು ಹಾಕಿದರೆ ಸರಿಹೋಗುತ್ತದೆ ಎಂಬ ಸಲಹೆ ನಿಮಗೂ ಬಂದೀತು. ಆದರೆ ಈಗಿನ ಡಿಸ್ಕುಗಳಲ್ಲಿ ಆಯಾ ಡಿಸ್ಕಿಗೆಂದೇ ಕಾರ್ಖಾನೆಯಲ್ಲಿ ಹೊಂದಿಸಿದ ವಿವರಗಳು ಬೋರ್ಡಿನ ಒಂದು ಚಿಪ್ಪಿನಲ್ಲಿರುತ್ತವೆ. ಆ ಚಿಪ್ಪಿನ ವಿವರವನ್ನೂ ವರ್ಗಾಯಿಸದೆ ಬೋರ್ಡ್ ಬದಲಿಸಿದರೆ ಸಾಮಾನ್ಯವಾಗಿ ಕೆಲಸವಾಗುವುದಿಲ್ಲ.

ಡಿಸ್ಕ್ ತಿರುಗಿತು, ಹೊಸ ಲ್ಯಾಪ್‌ಟಾಪಿನಲ್ಲಿ ಕಾಣಿಸಿತು ಎಂದುಕೊಳ್ಳೋಣ. ಆಗ ಬರುವ ಸಂದೇಶಗಳನ್ನು ಓದದೆ ಒತ್ತುವ ಅಭ್ಯಾಸವಿದ್ದರೆ ಈ ಒಂದು ದಿನದ ಮಟ್ಟಿಗೆ ಬಿಡಿ. ಡಿಸ್ಕನ್ನು ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು ಎಂದು ವಿಂಡೋಸ್ ಹೇಳಿದರೆ ಬೇಡ ಎನ್ನಿ. ಡಿಸ್ಕಿನಲ್ಲಿ ದೋಷವಿದೆ, ಸರಿಪಡಿಸಲೇ ಎಂದು ಕೇಳಿದರೆ ಅದನ್ನೂ ಸದ್ಯಕ್ಕೆ ಮುಂದೂಡಿ, ಏಕೆಂದರೆ ಚೆಕ್ ಡಿಸ್ಕ್ ಎಂಬ ಆ ಸಲಕರಣೆ ಕಡತ ವ್ಯವಸ್ಥೆಯನ್ನು ಒಪ್ಪಗೊಳಿಸುತ್ತದೆಯೇ ಹೊರತು ನಿಮ್ಮ ಕಡತಗಳನ್ನು ಉಳಿಸುವುದು ಅದರ ಉದ್ದೇಶವಲ್ಲ. ಡಿಸ್ಕಿನ ಆರೋಗ್ಯವನ್ನು ತಿಳಿಯಲು ಕ್ರಿಸ್ಟಲ್ ಡಿಸ್ಕ್ ಇನ್ಫೊದಂತಹ ಉಚಿತ ತಂತ್ರಾಂಶ ಸಾಕು. ಅದರಲ್ಲಿ ನೂರೆಂಟು ಸಾಲುಗಳಿದ್ದರೂ ನೀವು ನೋಡಬೇಕಾದದ್ದು ಮುಖ್ಯವಾಗಿ ಸೆಕ್ಟರ್ ಎಂಬ, ಡಿಸ್ಕಿನ ಪುಟ್ಟ ಪುಟ್ಟ ತುಣುಕುಗಳ ಮೂರು ಎಣಿಕೆಗಳನ್ನು: ಬದಲಿ ಜಾಗಕ್ಕೆ ಸಾಗಿಸಿದ ಸೆಕ್ಟರ್‌ಗಳು, ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು, ಸರಿಪಡಿಸಲಾಗದ ಸೆಕ್ಟರ್‌ಗಳು. ಮೂರರ ಎಣಿಕೆಯೂ ಸೊನ್ನೆಯಾಗಿದ್ದರೆ ನಿಶ್ಚಿಂತೆಯಿಂದ ಮುಂದುವರಿಯಿರಿ. ಬಾಕಿ ಉಳಿದವುಗಳ ಸಂಖ್ಯೆ ಏರುತ್ತಿದ್ದರೆ ಫೋಟೊ ನೋಡುತ್ತಾ ಕೂರದೆ ಬೆಲೆಯುಳ್ಳದ್ದನ್ನು ಮೊದಲು ತೆಗೆದುಕೊಳ್ಳಿ, ಅಥವಾ ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ಸಲಕರಣೆಯನ್ನು ಬಲ್ಲವರಿಂದ ಇಡೀ ಡಿಸ್ಕಿನ ಪಡಿಯಚ್ಚನ್ನು ಮಾಡಿಸಿ. ಆ ಸಲಕರಣೆ ಓದಲು ಬರುವ ಭಾಗಗಳನ್ನು ಮೊದಲು ಮುಗಿಸಿ, ಕೆಟ್ಟ ಭಾಗಗಳ ಜತೆ ಗುದ್ದಾಟವನ್ನು ಕೊನೆಗೆ ಇಟ್ಟುಕೊಳ್ಳುತ್ತದೆ.

ಹಳೆಯ ಡಿಸ್ಕಿನ ಯೂಸರ್ಸ್ ಎಂಬ ಫೋಲ್ಡರಿನೊಳಗೆ ನಿಮ್ಮ ಹೆಸರಿನದನ್ನು ತೆರೆದಾಗ ಅನುಮತಿಯಿಲ್ಲ ಎಂಬ ಸೂಚನೆ ಬರುತ್ತದೆ. ಇದಕ್ಕೆ ಹೆದರಬೇಕಿಲ್ಲ. ಆ ಕಡತಗಳ ಒಡೆಯನೆಂದು ಹಳೆಯ ವಿಂಡೋಸ್ ಗುರುತಿಸಿದ್ದ ಬಳಕೆದಾರನಿಗೂ ಹೊಸ ವಿಂಡೋಸಿನಲ್ಲಿರುವ ನಿಮಗೂ, ಹೆಸರು ಒಂದೇ ಆಗಿದ್ದರೂ, ಒಳಗಿನ ಗುರುತಿನ ಸಂಖ್ಯೆ ಬೇರೆ. ಮುಂದುವರಿಯಿರಿ ಎಂಬುದನ್ನು ಒತ್ತಿದರೆ ನಿಮಗೆ ಅನುಮತಿಯನ್ನು ಬರೆದುಕೊಳ್ಳುತ್ತದೆ. ಕಡತಗಳು ಹೆಚ್ಚಿದ್ದರೆ ಹಸಿರು ಪಟ್ಟಿ ಬಹಳ ಹೊತ್ತು ತೆವಳುತ್ತದೆ, ಕಾಯಿರಿ. ಇದು ಹಳೆಯ ಡಿಸ್ಕಿನ ಮೇಲೆ ಬರೆಯುವ ಕೆಲಸವಾದ್ದರಿಂದ ಡಿಸ್ಕ್ ದುರ್ಬಲವಾಗಿದ್ದರೆ ಮಾತ್ರ ಈ ದಾರಿ ಬೇಡ; ಪೆನ್ ಡ್ರೈವಿನಿಂದ ಲಿನಕ್ಸ್ ಆರಂಭಿಸಿ ಓದಲಷ್ಟೇ ತೆರೆದರೆ ವಿಂಡೋಸಿನ ಅನುಮತಿಗಳ ಗೊಡವೆಯೇ ಇರುವುದಿಲ್ಲ.

ಅನುಮತಿಯ ಸೂಚನೆಯ ಬದಲು ಬಿಟ್‌ಲಾಕರ್ ಎಂಬ ಹೆಸರಿನಲ್ಲಿ 48 ಅಂಕಿಗಳ ಕೀಲಿ ಕೇಳಿದರೆ ವಿಷಯ ಬೇರೆಯೇ. ಆ ಡಿಸ್ಕ್ ಗೂಢಲಿಪೀಕರಣಗೊಂಡಿದೆ, ತೆರೆಯುವ ಕೀಲಿ ಸುಟ್ಟ ಮದರ್‌ಬೋರ್ಡಿನ, ಕೀಲಿಗಳನ್ನು ಕಾಯುವ ಟಿಪಿಎಂ ಚಿಪ್ಪಿನಲ್ಲಿ ಉಳಿದಿದೆ ಎಂದು ಅದರರ್ಥ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುತ್ತಿದ್ದವರಿಗೆ ಆ ಖಾತೆಯಲ್ಲೇ ಕೀಲಿಯ ಪ್ರತಿ ಸಾಮಾನ್ಯವಾಗಿ ಉಳಿದಿರುತ್ತದೆ. ಅಲ್ಲೂ ಇಲ್ಲ, ಬರೆದಿಟ್ಟದ್ದೂ ಇಲ್ಲ ಎಂದಾದರೆ ಯಾವ ಅಂಗಡಿಯವರೂ ಅದನ್ನು ತೆರೆಯಲಾರರು, ತೆರೆಯುತ್ತೇವೆ ಎಂದವರಿಗೆ ಮುಂಗಡ ಕೊಡಬೇಡಿ. 2014ರ ನಿಮ್ಮ ಯಂತ್ರದಲ್ಲಿ ಇದು ಇರುವ ಸಂಭವ ಕಡಿಮೆ. ಆದರೆ ಈಗ ತಂದಿರುವ ವಿಂಡೋಸ್ 11ರ ಲ್ಯಾಪ್‌ಟಾಪಿನಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದೊಡನೆ ಇದು ತಾನಾಗಿಯೇ ಚಾಲೂ ಆಗಿರಬಹುದು. ಸೆಟ್ಟಿಂಗ್ಸ್‌ನಲ್ಲಿ ನೋಡಿ, ಚಾಲೂ ಇದ್ದರೆ ಆ 48 ಅಂಕಿಗಳನ್ನು ಇಂದೇ ಕಾಗದದ ಮೇಲೆ ಬರೆದು ತೋಟದ ದಾಖಲೆಗಳ ಜತೆ ಇಡಿ. ಮುಂದಿನ ಏಪ್ರಿಲ್‌ನ ಸಿಡಿಲು ಈ ಯಂತ್ರವನ್ನು ಹುಡುಕಿಕೊಂಡು ಬಂದರೆ ಆಗ ಬೇಕಾಗುವುದು ಅದೇ.

ಏನನ್ನು ನಕಲು ಮಾಡಬೇಕು? ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಎಲ್ಲರಿಗೂ ನೆನಪಾಗುತ್ತವೆ. ಡಿ ಡ್ರೈವ್ ಎಂದು ಬೇರೆ ಭಾಗ ಮಾಡಿಕೊಂಡಿದ್ದರೆ ಅದು ಹೊಸ ಯಂತ್ರದಲ್ಲಿ ಇ ಅಥವಾ ಎಫ್ ಆಗಿ ಕಾಣಿಸುತ್ತದೆ, ಮರೆಯಬೇಡಿ. ಜನ ಮರೆಯುವುದು ಅಡಗಿರುವ ಜಾಗಗಳನ್ನು: ಎಲ್ಲ ಬಳಕೆದಾರರಿಗೂ ಸೇರಿದ ಪಬ್ಲಿಕ್ ಫೋಲ್ಡರ್, ಔಟ್‌ಲುಕ್ ಬಳಸುತ್ತಿದ್ದರೆ ಇಮೇಲ್‌ಗಳಿರುವ ಅದರ ಪಿಎಸ್‌ಟಿ ಕಡತ, ಆಪ್‌ಡೇಟಾ ಎಂಬ ಮರೆಮಾಡಿದ ಫೋಲ್ಡರ್. ಬ್ರೌಸರಿನಲ್ಲಿ ಉಳಿಸಿದ್ದ ಪಾಸ್‌ವರ್ಡುಗಳು ಮಾತ್ರ ಹೀಗೆ ಕಡತ ನಕಲಿಸಿದರೆ ಬರುವುದಿಲ್ಲ. ಅವು ಹಳೆಯ ವಿಂಡೋಸ್ ಖಾತೆಯ ಕೀಲಿಯಿಂದ ಬಿಗಿದಿರುತ್ತವೆ. ಗೂಗಲ್ ಖಾತೆಗೆ ಸಿಂಕ್ ಆಗಿದ್ದರೆ ಅಲ್ಲಿಂದ ಬರುತ್ತವೆ, ಇಲ್ಲವಾದರೆ ಒಂದೊಂದಾಗಿ ಹೊಸದು ಮಾಡಿಕೊಳ್ಳಬೇಕು. ಪ್ರೋಗ್ರಾಂ ಫೈಲ್ಸ್ ಎಂಬ ಫೋಲ್ಡರನ್ನು ಹೊತ್ತು ತರುವ ಶ್ರಮ ಬೇಡ. ತಂತ್ರಾಂಶಗಳನ್ನು ಹೊಸದಾಗಿಯೇ ಅಳವಡಿಸಬೇಕು.

ನುಡಿಯ ಪತ್ರಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಕಲು ಸರಿಯಾಗಿ ಆಗಿದ್ದರೂ ಕಡತ ಕೆಟ್ಟಿದೆ ಎಂದು ಜನ ಗಾಬರಿಯಾಗುವುದು ಇಲ್ಲಿಯೇ. ಹೊಸ ಲ್ಯಾಪ್‌ಟಾಪಿನಲ್ಲಿ ಪತ್ರವನ್ನು ತೆರೆದಾಗ ಕನ್ನಡದ ಬದಲು ತಲೆಯ ಮೇಲೆ ಚುಕ್ಕೆ, ಗೆರೆ, ಟೊಪ್ಪಿಗೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲುಗಳು ಕಾಣಿಸುತ್ತವೆ. ಕಡತಕ್ಕೆ ಏನೂ ಆಗಿಲ್ಲ. ನುಡಿಯ ಹಳೆಯ ಫಾಂಟುಗಳು ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್ ಬಳಸುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಜಾಗದಲ್ಲೇ ಕನ್ನಡದ ಅಕ್ಷರಭಾಗಗಳ ಚಿತ್ರಗಳನ್ನು ಇಟ್ಟಿದ್ದವು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಆ ಅವತಾರ. ‘ಬರಹ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬರೆದದ್ದಕ್ಕೂ ಇದೇ ಮಾತು ಸಲ್ಲುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿಯನ್ನು ಹೊಸ ಯಂತ್ರದಲ್ಲಿ ಅಳವಡಿಸಿ, ಮೊದಲು ಬಳಸುತ್ತಿದ್ದ ಅದೇ ಹೆಸರಿನ ಫಾಂಟ್ ಇದೆಯೆಂದು ನೋಡಿಕೊಂಡರೆ ಪತ್ರಗಳು ಮೊದಲಿನಂತೆ ಕಾಣುತ್ತವೆ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ ಎಂಬುದು ನನ್ನ ಸಲಹೆ. ಪಂಚಾಯಿತಿಗೆ ಬರೆದ ಅರ್ಜಿ, ಬ್ಯಾಂಕಿಗೆ ಕೊಟ್ಟ ಪತ್ರಗಳಂತಹ ಮುಂದೆಯೂ ಬೇಕಾಗುವ ಕಡತಗಳನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತಂದಿಟ್ಟರೆ ಮೊಬೈಲಿನಲ್ಲೂ ಓದಬಹುದು, ಹುಡುಕಿದರೆ ಸಿಗುತ್ತವೆ. ಒಂದೇ ಪುಟದಲ್ಲಿ ಇಂಗ್ಲಿಷ್ ಪದಗಳೂ ಇದ್ದರೆ ಪರಿವರ್ತಕ ಅವುಗಳನ್ನೂ ಕನ್ನಡವೆಂದು ತಿಳಿದು ಕೆಡಿಸುವುದುಂಟು, ಆದ್ದರಿಂದ ಮೂಲ ಕಡತವನ್ನು ಅಳಿಸದೆ ಪಕ್ಕದಲ್ಲೇ ಹೊಸದನ್ನು ಉಳಿಸಿ.

ಟ್ಯಾಲಿಯ ಲೆಕ್ಕ ಕೂಡ ಕಡತಗಳ ರೂಪದಲ್ಲೇ ಇರುತ್ತದೆ. ಡೇಟಾ ಎಂಬ ಫೋಲ್ಡರಿನೊಳಗೆ ಪ್ರತಿ ಕಂಪನಿಗೂ ಅಂಕಿಗಳೇ ಹೆಸರಾಗಿರುವ ಒಂದು ಫೋಲ್ಡರ್ ಇರುತ್ತದೆ. ಯಾವುದು ತೋಟದ್ದು, ಯಾವುದು ಮನೆಯದ್ದು ಎಂದು ಹೆಸರಿನಿಂದ ತಿಳಿಯದು, ಹಾಗಾಗಿ ಇಡೀ ಡೇಟಾ ಫೋಲ್ಡರನ್ನೇ ನಕಲು ಮಾಡಿ. ಹೊಸದರಲ್ಲಿ ಟ್ಯಾಲಿ ಅಳವಡಿಸಿದ ಮೇಲೆ ಆ ಫೋಲ್ಡರಿನ ದಾರಿಯನ್ನು ತೋರಿಸಿದರೆ ಕಂಪನಿಗಳ ಹೆಸರು ಕಾಣಿಸುತ್ತವೆ. ಹಿಂದೆ ಟ್ಯಾಲಿ ಇಆರ್‌ಪಿ 9 ಇದ್ದು ಈಗ ಟ್ಯಾಲಿಪ್ರೈಮ್ ಹಾಕುವುದಾದರೆ ಅದು ದತ್ತಾಂಶವನ್ನು ಹೊಸ ರೂಪಕ್ಕೆ ಬದಲಿಸಿಕೊಳ್ಳುತ್ತದೆ. ಬದಲಿಸುವ ಮೊದಲಿನ ಒಂದು ಪ್ರತಿ ಬೇರೆಡೆ ಇರಲಿ. ಟ್ಯಾಲಿಯ ಪರವಾನಗಿ ಯಂತ್ರಕ್ಕೆ ಅಂಟಿಕೊಂಡಿರುವಂಥದ್ದು. ಹಳೆಯ ಯಂತ್ರ ಬದುಕಿದ್ದರೆ ಅಲ್ಲಿಂದಲೇ ಅದನ್ನು ಬಿಟ್ಟುಕೊಡಬಹುದಿತ್ತು. ನಿಮ್ಮ ಸ್ಥಿತಿಯಲ್ಲಿ ಸೀರಿಯಲ್ ಸಂಖ್ಯೆ ಮತ್ತು ನೋಂದಾಯಿಸಿದ ಇಮೇಲ್ ಇಟ್ಟುಕೊಂಡು ಪರವಾನಗಿಯನ್ನು ಬಿಡಿಸಿಕೊಳ್ಳಬೇಕು. ನೋಂದಣಿಯಲ್ಲಿ ಇರುವುದು ನಿಮ್ಮ ಇಮೇಲೋ, ಅಂದು ಮಾರಿದವರದ್ದೋ ಎಂಬುದನ್ನು ಮೊದಲೇ ವಿಚಾರಿಸಿ.

ಮಳೆ ಲೆಕ್ಕದ ಎಕ್ಸೆಲ್ ಕಡತಗಳಲ್ಲಿ ಬೇರೊಂದು ತೊಡಕು ಬರುವ ಸಾಧ್ಯತೆಯಿದೆ. ತೋಟಗಳಲ್ಲಿ ಸಾಮಾನ್ಯವಾಗಿ ಇಂಚು ಮತ್ತು ಸೆಂಟ್‌ಗಳಲ್ಲಿ (ಇಂಚಿನ ನೂರನೇ ಒಂದು ಭಾಗ) ದಿನದ ಮಳೆಯನ್ನು ಬರೆದು, ವರ್ಷಕ್ಕೊಂದು ಕಡತ ಮಾಡಿ, ಎಲ್ಲ ವರ್ಷಗಳ ಮೊತ್ತವನ್ನು ಇನ್ನೊಂದು ಕಡತದಲ್ಲಿ ಕೂಡಿಸಿರುತ್ತಾರೆ. ನಿಮ್ಮದೂ ಹೀಗೇ ಇದ್ದು ಆ ಕೂಡಿಕೆ ಡಿ ಡ್ರೈವಿನ ಇಂಥ ಫೋಲ್ಡರಿನ ಇಂಥ ಕಡತ ಎಂದು ಪೂರ್ತಿ ವಿಳಾಸ ಹಿಡಿದು ಕೂತಿದ್ದರೆ, ಹೊಸ ಯಂತ್ರದಲ್ಲಿ ವಿಳಾಸ ತಪ್ಪುತ್ತದೆ. ಎಕ್ಸೆಲ್ ಆಗ ಕೊನೆಯದಾಗಿ ನೆನಪಿಟ್ಟುಕೊಂಡ ಮೊತ್ತವನ್ನೇ ತೋರಿಸುತ್ತಿರುತ್ತದೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯನ್ನೆಲ್ಲ ನೀವು ದಿನವೂ ತುಂಬುತ್ತಾ ಹೋದರೂ ವಾರ್ಷಿಕ ಮೊತ್ತ ಕದಲದೆ ನಿಂತಿರುತ್ತದೆ. ಕಡತ ತೆರೆದಾಗ ಲಿಂಕುಗಳ ಬಗ್ಗೆ ಎಚ್ಚರಿಕೆ ಬಂದರೆ ತಳ್ಳಿಹಾಕದೆ ಡೇಟಾ ವಿಭಾಗದ ಎಡಿಟ್ ಲಿಂಕ್ಸ್‌ನಲ್ಲಿ ಹೊಸ ವಿಳಾಸವನ್ನು ತೋರಿಸಿ. ಹೊಸ ಯಂತ್ರದಲ್ಲಿ ಬೇರೊಂದು ಭಾಗಕ್ಕೆ ಡಿ ಎಂಬ ಅಕ್ಷರವನ್ನೇ ಕೊಟ್ಟು, ಫೋಲ್ಡರುಗಳನ್ನು ಮೊದಲಿನ ಹೆಸರಿನಲ್ಲೇ ಇಟ್ಟರೆ ಈ ತೊಂದರೆಯೇ ಬರುವುದಿಲ್ಲ.

ಜಾಗದ ಲೆಕ್ಕವನ್ನೂ ನೋಡಿಕೊಳ್ಳಿ. 500 ಜಿಬಿಯ ಡಿಸ್ಕ್ ವಿಂಡೋಸಿನಲ್ಲಿ ಸುಮಾರು 465 ಜಿಬಿ ಎಂದೂ 256 ಜಿಬಿಯ ಎಸ್‌ಎಸ್‌ಡಿ ಸುಮಾರು 238 ಜಿಬಿ ಎಂದೂ ಕಾಣಿಸುತ್ತವೆ. ಅದರಲ್ಲೂ ವಿಂಡೋಸ್ ತನ್ನ ಪಾಲು ತೆಗೆದುಕೊಂಡಿರುತ್ತದೆ. ಹಳೆಯ ಡಿಸ್ಕ್ ಮುಕ್ಕಾಲು ತುಂಬಿದ್ದರೂ ಎಲ್ಲವೂ ಹಿಡಿಸದು. ಲೆಕ್ಕಪತ್ರಗಳು ಒಳಗಿನ ಎಸ್‌ಎಸ್‌ಡಿಗೆ ಬರಲಿ, ಫೋಟೊ ಮತ್ತು ವಿಡಿಯೊಗಳಿಗೆ ಬೇರೊಂದು ಹೊರ ಡಿಸ್ಕ್ ಬೇಕಾಗುತ್ತದೆ. 400 ಜಿಬಿಯಷ್ಟಿದ್ದರೆ ಯುಎಸ್‌ಬಿ 3.0ರಲ್ಲಿ ಸೆಕೆಂಡಿಗೆ 80 ಎಂಬಿಯಂತೆ ಹಿಡಿದರೂ ಒಂದೂವರೆ ಗಂಟೆ ಬೇಕು, ಚಿಕ್ಕ ಚಿಕ್ಕ ಕಡತಗಳು ಹೆಚ್ಚಿದ್ದರೆ ಇನ್ನೂ ಬಹಳ. ಮಳೆಗಾಲದಲ್ಲಿ ಕರೆಂಟನ್ನು ನಂಬಿ ಆರಂಭಿಸುವ ಕೆಲಸ ಇದಲ್ಲ. ಬ್ಯಾಟರಿ ಪೂರ್ತಿ ತುಂಬಿಸಿ, ಲ್ಯಾಪ್‌ಟಾಪ್ ನಿದ್ರೆಗೆ ಜಾರದಂತೆ ಸೆಟ್ಟಿಂಗ್ ಬದಲಿಸಿ, ಫೋಲ್ಡರುಗಳನ್ನು ಒಂದೊಂದಾಗಿ ಸಾಗಿಸಿ. ತಿರುಗುತ್ತಿರುವ ಡಿಸ್ಕನ್ನು ಅಲುಗಿಸಬೇಡಿ, ತೆಗೆಯುವಾಗ ಇಜೆಕ್ಟ್ ಮಾಡಿ ತಿರುಗುವ ಸದ್ದು ನಿಂತ ಮೇಲೆಯೇ ಎತ್ತಿ. ಮುಗಿದ ಮೇಲೆ ಎರಡೂ ಕಡೆ ಕಡತಗಳ ಸಂಖ್ಯೆ ಮತ್ತು ಒಟ್ಟು ಗಾತ್ರವನ್ನು ಹೋಲಿಸಿ ನೋಡಿ. ಟ್ಯಾಲಿ ತೆರೆದು ಕೊನೆಯ ವೋಚರಿನ ದಿನಾಂಕ ಸರಿಯಿದೆಯೇ ನೋಡಿ. ಸಿಡಿಲಿನ ದಿನದ ಆಸುಪಾಸಿನದ್ದೇ ಇರಬೇಕು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಹಳೆಯ ಡಿಸ್ಕಿನಿಂದಲೇ ಹೊಸ ಯಂತ್ರವನ್ನು ಆರಂಭಿಸಲು ಅಡ್ಡಿಯೇನು? ಮೊದಲ ಅಡ್ಡಿ ಆರಂಭದ ವಿಧಾನದ್ದು. ನಿಮ್ಮ ಹಳೆಯ ಲ್ಯಾಪ್‌ಟಾಪ್ ವಿಂಡೋಸ್ 8.1 ಸಮೇತ ಬಂದಿದ್ದರೆ ಅದು ಯುಇಎಫ್‌ಐ ಎಂಬ ಹೊಸ ವಿಧಾನದಲ್ಲಿ, ಡಿಸ್ಕನ್ನು ಭಾಗ ಮಾಡುವ ಜಿಪಿಟಿ ಎಂಬ ವಿಭಜನೆಯಲ್ಲಿ ಇರುವ ಸಾಧ್ಯತೆ ಹೆಚ್ಚು. ವಿಂಡೋಸ್ ಇಲ್ಲದೆ ಬರೀ ಡಾಸ್ ಸಮೇತ ಬಂದು, ಅಂಗಡಿಯಲ್ಲಿ ವಿಂಡೋಸ್ 7 ಹಾಕಿಸಿಕೊಂಡು, ಮುಂದೆ 10ಕ್ಕೆ ಏರಿಸಿದ್ದಾದರೆ ಬಹುಶಃ ಹಳೆಯ ಬಯೋಸ್ ವಿಧಾನ ಮತ್ತು ಎಂಬಿಆರ್ ವಿಭಜನೆ ಇರುತ್ತದೆ. ವಿಂಡೋಸ್ 11 ಹೊತ್ತು ಬಂದಿರುವ ಈಚಿನ ಲ್ಯಾಪ್‌ಟಾಪುಗಳಲ್ಲಿ ಅನೇಕವು ಆ ಹಳೆಯ ವಿಧಾನವನ್ನು ಕೈಬಿಟ್ಟಿವೆ. ಅಂಥದ್ದರಲ್ಲಿ ಎಂಬಿಆರ್ ಡಿಸ್ಕ್ ಆರಂಭದ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಎರಡನೆಯ ಅಡ್ಡಿ ಡಿಸ್ಕಿನೊಂದಿಗೆ ಮಾತಾಡುವ ಕಂಟ್ರೋಲರಿನದ್ದು. ಹಳೆಯದು ಎಎಚ್‌ಸಿಐ ವಿಧಾನದಲ್ಲಿದ್ದು ಹೊಸದು ರೈಡ್ ಅಥವಾ ವಿಎಂಡಿ ವಿಧಾನದಲ್ಲಿದ್ದರೆ, ಅದಕ್ಕೆ ಬೇಕಾದ ಡ್ರೈವರ್ ಹಳೆಯ ವಿಂಡೋಸಿನಲ್ಲಿ ಇಲ್ಲದಿದ್ದಾಗ, ಆರಂಭದ ಡಿಸ್ಕ್ ಸಿಗುತ್ತಿಲ್ಲ ಎಂಬ ನೀಲಿ ಪರದೆ ಬಂದು ನಿಲ್ಲುತ್ತದೆ. ಯಂತ್ರದ ಬಯೋಸ್ ಸೆಟ್ಟಿಂಗ್‌ನಲ್ಲಿ ಈ ಕಂಟ್ರೋಲರಿನ ವಿಧಾನವನ್ನು ಬದಲಿಸಿ ನೋಡಿ ಎನ್ನುವ ಸಲಹೆ ಸುಲಭವಾಗಿ ಸಿಗುತ್ತದೆ. ಬದಲಿಸಿದರೆ ಈಗ ಸರಿಯಾಗಿ ನಡೆಯುತ್ತಿರುವ ವಿಂಡೋಸ್ 11 ಏಳದೇ ಹೋಗಬಹುದು ಎಂಬುದನ್ನು ಅದರ ಜತೆ ಹೇಳುವವರು ಕಡಿಮೆ.

ಇವೆರಡನ್ನೂ ದಾಟಿದರೆ ವಿಂಡೋಸ್ 10 ಸಾಕಷ್ಟು ಹೊಂದಿಕೊಳ್ಳುವ ಸ್ವಭಾವದ್ದೇ. ಮೊದಲ ಸಲ ಸಾಧನಗಳನ್ನು ಸಿದ್ಧಪಡಿಸುತ್ತಿದ್ದೇನೆ ಎಂದು ಬಹಳ ಹೊತ್ತು ಕಾಯಿಸಿ, ಒಂದೆರಡು ಬಾರಿ ತಾನೇ ಮರುಚಾಲನೆಗೊಂಡು ನಿಮ್ಮ ಹಳೆಯ ಡೆಸ್ಕ್‌ಟಾಪನ್ನು ತೋರಿಸಲೂಬಹುದು. ಆದರೆ ಆ ಹೊತ್ತಿನಲ್ಲಿ ಅದು ಮಾಡುತ್ತಿರುವುದು ನಿಮ್ಮ ದತ್ತಾಂಶದ ಏಕೈಕ ಪ್ರತಿಯಿರುವ ಡಿಸ್ಕಿನ ಮೇಲೆ ಎಡೆಬಿಡದೆ ಬರೆಯುವುದನ್ನು. ಎದ್ದ ಮೇಲೆ ಪರವಾನಗಿಯ ಪ್ರಶ್ನೆ ಬರುತ್ತದೆ: ಲ್ಯಾಪ್‌ಟಾಪಿನ ಜತೆ ಬಂದ ವಿಂಡೋಸ್ ಆ ಮದರ್‌ಬೋರ್ಡಿಗೆ ಸೇರಿದ್ದು, ಅದರೊಂದಿಗೇ ಮುಗಿಯುತ್ತದೆ. ಬಿಡಿಯಾಗಿ ಕೊಂಡ ಪರವಾನಗಿಯಾದರೆ ಮಾತ್ರ ಬೇರೆ ಯಂತ್ರಕ್ಕೆ ಒಯ್ಯಬಹುದು. ಇಷ್ಟೆಲ್ಲ ಮಾಡಿ ಉಳಿಸಿಕೊಳ್ಳುವ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ಯಾಂಕಿನ ವ್ಯವಹಾರವನ್ನೂ ಇದೇ ಯಂತ್ರದಲ್ಲಿ ಮಾಡುವವರು ಹೊಸದರಲ್ಲಿರುವ ವಿಂಡೋಸ್ 11 ಬಿಟ್ಟು ಹಿಂದಕ್ಕೆ ಹೋಗುವುದು ನನಗೆ ಸರಿಕಾಣದು. ಹಾಗೂ ಹಳೆಯ ವ್ಯವಸ್ಥೆಯೇ ಬೇಕು, ಅದರಲ್ಲಿ ಈಗ ಸಿಗದ ಯಾವುದೋ ತಂತ್ರಾಂಶವಿದೆ ಎಂದಾದರೆ ಇಡೀ ಡಿಸ್ಕನ್ನು ಬೇರೊಂದು ಸಾಟಾ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿಸಿ, ಪ್ರಯೋಗವನ್ನೆಲ್ಲ ಆ ಪ್ರತಿಯ ಮೇಲೆ ನಡೆಸಿ. ಲಿನಕ್ಸ್ ಬಳಸುವವರಿಗೆ ಈ ಕಷ್ಟ ಬಹುಮಟ್ಟಿಗೆ ಇಲ್ಲ. ಅದು ಆರಂಭವಾದಾಗಲೆಲ್ಲ ಯಂತ್ರಾಂಶವನ್ನು ಹೊಸದಾಗಿ ಗುರುತಿಸಿಕೊಳ್ಳುತ್ತದೆ.

ಒಳಗಿರುವ ಖಾಲಿ ಜಾಗದ ಬಗ್ಗೆ ಅಂಗಡಿಯವರ ಮಾತನ್ನು ಕಣ್ಣಾರೆ ಪರೀಕ್ಷಿಸಿ. ಆ ಜಾಗ ಎಂ.2 ಸ್ಲಾಟ್ ಆಗಿದ್ದರೆ ಅದರಲ್ಲಿ ಕೂರುವುದು 22 ಮಿಲಿಮೀಟರ್ ಅಗಲದ ಪಟ್ಟಿಯಂತಹ ಎಸ್‌ಎಸ್‌ಡಿ, ನಿಮ್ಮ ಡಿಸ್ಕಲ್ಲ. 2.5 ಇಂಚಿನ ಜಾಗವೇ ಆಗಿದ್ದರೂ ದಪ್ಪ ನೋಡಬೇಕು: ಹಳೆಯ ಡಿಸ್ಕುಗಳು ಬಹುಪಾಲು 9.5 ಮಿಲಿಮೀಟರ್ ದಪ್ಪವಿದ್ದವು, ಈಚಿನ ಲ್ಯಾಪ್‌ಟಾಪುಗಳು 7 ಮಿಲಿಮೀಟರಿನದ್ದಕ್ಕಷ್ಟೇ ಎಡೆ ಬಿಟ್ಟಿರುತ್ತವೆ. ಒತ್ತಿ ಮುಚ್ಚುವ ಪ್ರಯತ್ನ ಬೇಡ. ಇನ್ನೊಂದು ಸಂಗತಿ, ಸೆಕೆಂಡ್ ಹ್ಯಾಂಡ್ ಯಂತ್ರಗಳಲ್ಲಿ ಜಾಗವಿದ್ದರೂ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ರಿಬ್ಬನ್ನಿನಂತಹ ಕೇಬಲ್ ಮತ್ತು ಹಿಡಿಕಟ್ಟು ಅನೇಕ ಬಾರಿ ಇರುವುದೇ ಇಲ್ಲ, ಹಿಂದಿನ ಡಿಸ್ಕ್ ತೆಗೆಯುವಾಗಲೇ ಕಾಣೆಯಾಗಿರುತ್ತವೆ. ಆ ಮಾದರಿಗೆ ಹೊಂದುವ ಕೇಬಲನ್ನು ಪ್ರತ್ಯೇಕವಾಗಿ ತರಿಸಬೇಕು. ಕೇಬಲ್ ಸಿಕ್ಕಿ, ಜಾಗವೂ ಸರಿಯಿದ್ದರೆ ಅಲ್ಲಿ ಹೊಸ ಸಾಟಾ ಎಸ್‌ಎಸ್‌ಡಿ ಹಾಕಿ ಫೋಟೊಗಳನ್ನು ಅದರಲ್ಲಿಡಿ. ಹತ್ತು ವರ್ಷ ತಿರುಗಿದ, ಸಿಡಿಲಿನ ಹೊಡೆತದ ಪಕ್ಕದಲ್ಲೇ ಇದ್ದ ಡಿಸ್ಕನ್ನು ದಿನಬಳಕೆಗೆ ಕೂರಿಸುವುದರಲ್ಲಿ ಉಳಿತಾಯವೇನೂ ಇಲ್ಲ.

ಹಳೆಯ ಡಿಸ್ಕ್ ಮೂಲ ಪ್ರತಿಯಾಗಿ ಮನೆಯಲ್ಲಿರಲಿ. ಕೊಡಗಿನ ಮಳೆಗಾಲದಲ್ಲಿ ಅಲಮಾರಿಯ ಬಟ್ಟೆಗೇ ಬೂಷ್ಟು ಹಿಡಿಯುವಾಗ, ಆ ಚಿಕ್ಕ ರಂಧ್ರವುಳ್ಳ ಡಿಸ್ಕನ್ನು ಹಾಗೆಯೇ ಮೇಜಿನ ಖಾನೆಯಲ್ಲಿ ಇಡುವುದು ಸರಿಯಲ್ಲ. ಬೋರ್ಡಿನ ಲೋಹದ ಸಂಪರ್ಕಗಳಿಗೂ ತೇವ ಕಿಲುಬು ತರುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳ ಜತೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಜೆಲ್ ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಇಡಿ. ಶೀತದ ಕೋಣೆಯಿಂದ ಬೆಚ್ಚಗಿನ ಜಾಗಕ್ಕೆ ತಂದಾಗ ಒಂದೆರಡು ಗಂಟೆ ಬಿಟ್ಟು ಜೋಡಿಸಿ, ಮೇಲೆ ಕೂತ ನೀರಿನ ಹನಿ ಆರಬೇಕು. ವರ್ಷಕ್ಕೊಮ್ಮೆ, ಕಾಫಿ ಕೊಯ್ಲು ಮುಗಿದ ಬಿಡುವಿನಲ್ಲಿ ತಿರುಗಿಸಿ ನೋಡಿ. ಡಬ್ಬಿಯ ಮೇಲೆ ಯಾವ ಲ್ಯಾಪ್‌ಟಾಪಿನದ್ದು, ಯಾವ ವರ್ಷದವರೆಗಿನ ಲೆಕ್ಕ ಎಂದು ಬರೆದಿಡಿ.

ಕೆಟ್ಟ ಲ್ಯಾಪ್‌ಟಾಪನ್ನು ಗುಜರಿಗೆ ಕೊಡುವಾಗ ಡಿಸ್ಕ್ ಅದರಲ್ಲಿಲ್ಲ ಎಂದು ನೋಡಿಕೊಳ್ಳಿ. ತಳದಲ್ಲಿ ವಿಂಡೋಸ್ ಕೀಲಿಯ ಸ್ಟಿಕ್ಕರ್ ಇದ್ದರೆ ಅದರ ಫೋಟೊ ತೆಗೆದಿಡಿ. ಅದರ ಚಾರ್ಜರನ್ನು ಮಾತ್ರ, ಪಿನ್ ಹೊಂದಿಕೊಂಡರೂ, ಹೊಸ ಲ್ಯಾಪ್‌ಟಾಪಿಗೆ ಹಾಕಬೇಡಿ. ಸಿಡಿಲು ಒಳಗೆ ಬಂದದ್ದು ಅದರ ಮೂಲಕವೇ.